‘ತರಿ’ ಶಬ್ದವೂ ತರೀಕೆರೆಯ ಹೆಸರೂ

೧

ಸ್ಥಳನಾಮಗಳ ಅರ್ಥವನ್ನು ವಿಚಾರಿಸುವವರು ಬಹುಮಟ್ಟಿಗೆ ನಿಘಂಟಿನಿಂದ ಆರಂಭಿಸುತ್ತಾರೆ. ಹೆಸರಿನ ಪೂರ್ವಪದವನ್ನು ಹೋಲುವ ಶಬ್ದವೊಂದು ದೊರೆತೊಡನೆ ಅದರ ಅರ್ಥವನ್ನು ಊರಿಗೆ ಆರೋಪಿಸಿ, ಊರಿನ ಸನ್ನಿವೇಶದಲ್ಲಿ ಆ ಅರ್ಥಕ್ಕೆ ಅನುಕೂಲವಾದ ಲಕ್ಷಣವೊಂದನ್ನು ತೋರಿಸಿ ನಿಶ್ಚಿಂತರಾಗುತ್ತಾರೆ. ಈ ಕ್ರಮದ ಗುಣದೋಷಗಳನ್ನು ಪರೀಕ್ಷಿಸುವುದಕ್ಕೆ ತರೀಕೆರೆ ಎಂಬ ಹೆಸರು ತಕ್ಕ ಉದಾಹರಣೆಯಾಗಿದೆ.

ಕಂದಾಯದ ಕಾಗದಪತ್ರಗಳಲ್ಲಿ ‘ತರಿ’ ಎಂದರೆ ನೀರಾವರಿಯ ಭೂಮಿ. ತರೀಕೆರೆಯು ಬಾಬಾಬುಡನ್ ಗಿರಿಶ್ರೇಣಿಯ ತಪ್ಪಲಿನ ಸೀಮೆ. ಅಲ್ಲಿ ಕೆರೆಗಳುಂಟು, ಗದ್ದೆಗಳುಂಟು, ಅಡಕೆಯ ತೋಟಗಳುಂಟು. ಆದುದರಿಂದ ‘ತರಿ ಜಮೀನಿಗೆ ನೀರುಣಿಸುವ ಕೆರೆ ತರೀಕೆರೆ’ ಎಂಬ ವಿವರಣೆಯು ಕೇಳಿದವರು ಕೂಡಲೆ ಒಪ್ಪುವಂತಿದೆ. ಆದರೆ ಒಪ್ಪಿದರೆ ಅದರಿಂದ ಬರುವ ಫಲವನ್ನೂ ಒಪ್ಪಬೇಕಾಗುತ್ತದೆ. ಭೂಮಿವಾಚಕವಾದ ‘ತರಿ’ ಕನ್ನಡದ್ದಲ್ಲ, ಪಾರಸಿಯದು. ಹಾಗಾದರೆ ಈ ಹೆಸರು ಪಾರಸಿಯ ಕಂದಾಯಪರಿಭಾಷೆಯು ಈ ಸೀಮೆಗೆ ಬಂದ ಮೇಲೆ ಹುಟ್ಟಿದುದೆಂದು ಹೇಳಬೇಕಾಗುವುದು. ಇದಕ್ಕೆ ಪ್ರತಿಯಾಗಿ, ‘ತರಿ’ ಎಂಬುದು ಕತ್ತರಿಸು ಎಂಬರ್ಥದ ಅಚ್ಚಗನ್ನಡ ಧಾತುವೆಂದು ಹಿಡಿದು ಹೆಸರನ್ನು ಬಹು ಹಿಂದಕ್ಕೆ ಒಯ್ಯುವುದೂ ಅಷ್ಟೇ ಸುಲಭ. ಒಂದು ಊರಿನ ಹೆಸರಿನ ಕಾಲನಿರ್ಣಯವು ಹೀಗೆ ಎರಡಕ್ಷರದ ಸಾಮ್ಯವೊಂದರ ಮೇಲೆ ನಿಲ್ಲಬಹುದೇ ಎಂಬುದು ಇಲ್ಲಿಯ ಪ್ರಶ್ನೆ. ಪದದ ಅರ್ಥವನ್ನು ಕೇಳುವುದಕ್ಕೆ ಮೊದಲು ಹೆಸರಿನ ವ್ಯಾಕರಣವನ್ನು ಕೇಳಬೇಕೆಂಬುದು ಈ ಲೇಖನದ ಅಭಿಪ್ರಾಯ.

೨

ಮೊದಲು ರೂಪದಲ್ಲಿ ಒಂದನ್ನೊಂದು ಹೋಲುವ ಶಬ್ದಗಳನ್ನು ಬೇರ್ಪಡಿಸಿ ನೋಡೋಣ. ಕನ್ನಡದಲ್ಲಿ ಇಂದು ‘ತರ್’ ಎಂಬ ಮೊದಲ ಭಾಗವುಳ್ಳ ಶಬ್ದಗಳು ನಾಲ್ಕಾರು ಮೂಲಗಳಿಂದ ಬಂದು ಸೇರಿವೆ.

ದೇಶ್ಯದಲ್ಲಿ ‘ತರು’ ಎಂಬುದು ಕ್ರಿಯೆ; ತಂದನು, ತರುವನು, ತಾರ ಎಂಬ ರೂಪಗಳು ಇದರವು. ಕತ್ತರಿಸು, ಕಡಿದುಹಾಕು ಎಂಬರ್ಥದ ‘ತರಿ’ ಬೇರೆ ಕ್ರಿಯೆ. ಹಳಗನ್ನಡದಲ್ಲಿ ಇದು ಶಕಟರೇಫವುಳ್ಳ ‘ತಱಿ’. ತಮಿಳಿನಲ್ಲಿ ಇದೇ ಅರ್ಥದ ತಱಿ ಎಂಬ ಕ್ರಿಯೆಯೂ ತೆಲುಗಿನಲ್ಲಿ ಹೆಚ್ಚು, ಕೊಯ್ಯು ಎಂಬರ್ಥದ ತಱುಗು ಎಂಬುದೂ ಶಕಟರೇಫದಿಂದಲೇ ಕೂಡಿರುವುದರಿಂದ ಇದರ ದ್ರಾವಿಡಮೂಲವು ಸಂಶಯಾತೀತವಾಗಿದೆ. ಇನ್ನು ಅಡಿಗೆಯ ಮನೆಯ ‘ತರಿ’: ಅಕ್ಕಿಯ ತರಿ, ಗೋಧಿಯ ತರಿ, ತರಿತರಿಯಾಗಿ ರುಬ್ಬುವುದು ಇತ್ಯಾದಿ. ನುಡಿ, ಕಡಿ, ನಡೆ ಎಂಬ ಧಾತುಗಳು ಯಾವ ಪ್ರತ್ಯಯವೂ ಇಲ್ಲದೆ ನಾಮಗಳಾಗುವಂತೆ ‘ತಱಿ’ಯೂ ನಾಮವಾಗಿ, ಒಡೆದ ಕಾಳು ಎಂಬ ಅರ್ಥವನ್ನು ಪಡೆಯಿತೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ.

ಸಂಸ್ಕೃತದಿಂದ ಬಂದ ‘ತರು’ ವೃಕ್ಷವಾಚಕ. ದಾಟು ಎಂಬರ್ಥದ ಧಾತುವಿನಿಂದ ಹುಟ್ಟಿದ ‘ತರಿ’, ‘ತರಣಿ’ ಎಂಬುವು ದೋಣಿಯನ್ನು ಹೇಳುತ್ತವೆ. ‘ತರ’ ಎಂಬುದು ತಾರತಮ್ಯವನ್ನು ತೋರುವ ಪ್ರತ್ಯಯ; ‘ತಾರ’ವು ಸಂಗೀತದಲ್ಲಿ ಮೇಲಿನ ಸ್ಥಾಯಿ.

ಪಾರಸಿಯಲ್ಲಿ ಹ್ರಸ್ವವಾದ ‘ತರ್’ ಎಂದರೆ ಒದ್ದೆ, ಹಸಿ. ಅದರ ಭಾವನಾಮ ‘ತರೀ’, ಎಂದರೆ ತೇವ. ದೀರ್ಘವಾದ ‘ತಾರ್’ ಎಂದರೆ ಎಳೆ, ತಂತಿ. ಮೂರು ತಂತಿಯುಳ್ಳುದೆಂಬ ಅರ್ಥದ ‘ಸಿತಾರ್’ ಎಂಬುದರಲ್ಲಿ ಇದು ಉಳಿದಿದೆ. ವಿದ್ಯುತ್ತಂತಿಯ ಸುದ್ದಿಗೆ ಉತ್ತರ ಕರ್ಣಾಟಕದಲ್ಲಿ ‘ತಾರು’ ಎಂದೂ ಹಳೆಯ ಮೈಸೂರಿನಲ್ಲಿ ‘ತಂತಿ’ ಎಂದೂ ಹೇಳುತ್ತಿದ್ದರು. ಸರಕಾರದ ತಂತಿಸೇವೆಯು ೨೦೧೩ರಲ್ಲಿ ನಿಂತುಹೋದ ಮೇಲೆ ಈ ಎರಡು ಪ್ರಯೋಗಗಳೂ ಹಳೆಯ ಬರಹಗಳಿಗೆ ಮಾತ್ರ ಸೇರಿದವು. ಉರ್ದು ಹಿಂದಿಗಳ ಮಾರ್ಗವಾಗಿ ಬಂದ ‘ತರಕಾರಿ’ಯ ಮೊದಲ ಭಾಗವೂ ಪಾರಸಿಯದೇ ಎಂದು ಹಲವರ ಮತ.

ಕಡೆಯದಾಗಿ ಇಂಗ್ಲಿಷಿನಿಂದ ಬಂದ ‘ಟಾರು’, ನಮ್ಮವರು ಡಾಂಬರು ಎನ್ನುವ ವಸ್ತು. ಮೊದಲಲ್ಲಿರುವ ಟಕಾರವೇ ಇದರ ಪರದೇಶೀಯತೆಯನ್ನು ಸಾರುತ್ತದೆ. ಮರದ ಅಂಟಿಗೆ ಮೊದಲು ಸಲ್ಲುತ್ತಿದ್ದ ಈ ಶಬ್ದವನ್ನು ಕಂಡು ಸಂಸ್ಕೃತದ ‘ತರು’ವನ್ನು ಇದಕ್ಕೆ ಗಂಟುಹಾಕಬೇಕೆಂದು ಯಾರಿಗಾದರೂ ತೋಚಬಹುದು. ಆದರೆ ಸಂಸ್ಕೃತದ ದಕಾರಕ್ಕೆ ಇಂಗ್ಲಿಷಿನಲ್ಲಿ ಟಕಾರವು ಬರುವುದು ನಿಯಮ. ದಶ ಎಂಬುದಕ್ಕೆ ಟೆನ್, ದ್ವಿ ಎಂಬುದಕ್ಕೆ ಟೂ. ಈ ನಿಯಮದಂತೆ ಟಾರಿನ ದಾಯಾದಿಯು ‘ತರು’ವಲ್ಲ, ದೇವದಾರುವಿನಲ್ಲಿರುವ ‘ದಾರು’. ಕಿವಿಗೆ ಹತ್ತಿರವಾದುದು ವಂಶದಲ್ಲಿ ದೂರ, ಕಿವಿಗೆ ದೂರವಾದುದು ವಂಶದಲ್ಲಿ ಹತ್ತಿರ. ಶಬ್ದಗಳ ನಂಟನ್ನು ಸಾಮ್ಯದಿಂದ ತಿಳಿಯದೆ ನಿಯಮದಿಂದ ತಿಳಿಯಬೇಕೆಂಬುದಕ್ಕೆ ಇದೊಂದು ಸ್ಪಷ್ಟವಾದ ನಿದರ್ಶನ.

ಕಿಟ್ಟೆಲ್ಲರು ೧೮೯೪ರಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನಲ್ಲಿ ಏಕರೂಪವಾದ ಶಬ್ದಗಳಿಗೆ ಬೇರೆ ಬೇರೆ ಅಂಕೆಗಳನ್ನು ಕೊಟ್ಟು, ದೇಶ್ಯಗಳಿಗೆ ಸೋದರಭಾಷೆಗಳ ರೂಪಗಳನ್ನು ಜೋಡಿಸಿರುವುದು ಈ ವಿವೇಕದಿಂದಲೇ. ನಿಘಂಟನ್ನು ಉಪಯೋಗಿಸುವ ನಾವು ಆ ಅಂಕೆಗಳನ್ನು ಮರೆತು, ಎಲ್ಲ ಅರ್ಥಗಳನ್ನೂ ಒಂದೇ ಶಬ್ದದ ಸೊತ್ತೆಂದು ಭಾವಿಸಿದರೆ ತಪ್ಪು ನಿಘಂಟುಕಾರರದಲ್ಲ.

೩

ಇನ್ನು ಭೂಮಿವಾಚಕವಾದ ‘ತರಿ’ಯ ಚರಿತ್ರೆಯನ್ನು ನೋಡಬೇಕು. ಕಡೂರು ಜಿಲ್ಲೆಯ ಶಾಸನಗಳು ೧೯೦೧ರಲ್ಲಿ ರೈಸ್ ಅವರ ಸಂಪಾದಕತ್ವದಲ್ಲಿ ಕರ್ಣಾಟಕ ಶಾಸನಸಂಪುಟಗಳ ಆರನೆಯದಾಗಿ ಅಚ್ಚಾದುವು. ಆ ಜಿಲ್ಲೆಗೆ ೧೯೪೭ರಿಂದ ಚಿಕ್ಕಮಗಳೂರೆಂಬ ಹೆಸರು ಬಂದಿದೆ. ಆಗ ತರೀಕೆರೆಗೆ ಸೇರಿದ್ದ ಅಜ್ಜಂಪುರವು ಈಗ ತಾನೇ ಒಂದು ತಾಲ್ಲೂಕು. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ನೀರಿನ ಭೂಮಿಗೆ ‘ಗದ್ದೆ’ ಎಂದೂ ಮಳೆಯನ್ನು ನಂಬಿದ ಭೂಮಿಗೆ ‘ಬೆದ್ದಲೆ’ ಎಂದೂ ತೋಟಕ್ಕೆ ‘ತೋಂಟ’ ಎಂದೂ ವ್ಯವಹಾರ. ಬಿತ್ತುವ ಬೀಜದ ಪ್ರಮಾಣದಿಂದ ಸಲಗೆ, ಕೊಳಗ ಎಂದು ಗದ್ದೆಯನ್ನು ಅಳೆಯುತ್ತಿದ್ದುದೂ ಉಂಟು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ೧೧೯೬ರಲ್ಲಿ ದಂಡನಾಯಕ ಅಮೃತೇಶ್ವರನು ಕಟ್ಟಿಸಿದ ದೇವಾಲಯವೂ, ಕವಿಚಕ್ರವರ್ತಿ ಜನ್ನನ ಪದ್ಯಗಳುಳ್ಳ ಅಲ್ಲಿಯ ದೊಡ್ಡ ಶಾಸನವೂ ಪ್ರಸಿದ್ಧವಾಗಿವೆ. ಕನ್ನಡದ ಮಹಾಕವಿಯೊಬ್ಬನು ಶಾಸನಪದ್ಯಗಳನ್ನು ರಚಿಸುತ್ತಿದ್ದ ಆ ಕಾಲದಲ್ಲಿ ಭೂಮಿಯ ಭೇದಗಳನ್ನು ಹೇಳುವುದಕ್ಕೆ ಪರಭಾಷೆಯ ಅಗತ್ಯವು ಈ ಸೀಮೆಯವರಿಗೆ ಇರಲಿಲ್ಲ.

ಪಾರಸಿಯ ಪರಿಭಾಷೆಯು ರಾಜ್ಯಾಧಿಕಾರದ ಬೆನ್ನಿಗೆ ಬಂದಿತು. ಬಿಜಾಪುರದ ಸೇನಾಪತಿಯಾದ ರಣದುಲ್ಲಾಖಾನನು ೧೬೩೭ರ ಸುಮಾರಿಗೆ ಇಕ್ಕೇರಿ ಬಸವಾಪಟ್ಟಣಗಳ ಸೀಮೆಯ ಮೇಲೆ ದಂಡೆತ್ತಿ ಬಂದನು. ೧೬೮೭ರಲ್ಲಿ ಮೊಗಲರು ಸೀರೆಯ ಸುಭಾವನ್ನು ಏರ್ಪಡಿಸಿದಾಗ ಅದರ ಏಳು ಪರಗಣೆಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ತರೀಕೆರೆಯ ಪಾಳೆಯಗಾರರ ಮನೆತನವು ಆ ಬಸವಾಪಟ್ಟಣದಿಂದ ಬಂದುದು. ಜಮಾಬಂದಿ, ಇನಾಮು, ಖಾತೆ, ತರಿ, ಖುಷ್ಕಿ, ಬಾಗಾಯ್ತು ಮೊದಲಾದ ಮಾತುಗಳು ಲೆಕ್ಕದ ಕಡತಗಳಲ್ಲಿ ನೆಲೆಗೊಂಡುದಕ್ಕೆ ಇಂಥ ಅಧಿಕಾರಸಂಬಂಧಗಳೇ ಕಾರಣ. ೧೮೬೩ರಲ್ಲಿ ಮುಂಬಯಿಯ ಪದ್ಧತಿಯನ್ನನುಸರಿಸಿ ಮೈಸೂರಿನಲ್ಲಿ ಆರಂಭವಾದ ಕಂದಾಯದ ಸರ್ವೆಯು ಈ ಮೂರು ವರ್ಗಗಳನ್ನು ಪ್ರತಿಯೊಂದು ನಂಬರಿಗೂ ಹಚ್ಚಿ ಸ್ಥಿರಪಡಿಸಿತು. ಇಂದಿನ ಪಹಣಿಯಲ್ಲಿಯೂ ಅವು ಉಳಿದಿವೆ.

ಈ ‘ತರಿ’ಯು ಕಾಗದದ ಮಾತಾಗಿಯೇ ಉಳಿಯಿತೆಂಬುದು ಗಮನಾರ್ಹ. ಕಡೂರಿನ ಬಯಲುಸೀಮೆಯ ಒಕ್ಕಲಿಗನು ತನ್ನ ಭೂಮಿಯನ್ನು ಹೊಲವೆನ್ನುತ್ತಾನೆ, ತರೀಕೆರೆಯವನು ಗದ್ದೆಯೆನ್ನುತ್ತಾನೆ, ತೋಟವೆನ್ನುತ್ತಾನೆ. ಅಜ್ಜಂಪುರದ ಕಪ್ಪುನೆಲದವನು ಎರೆಹೊಲವೆನ್ನುತ್ತಾನೆ. ಖುಷ್ಕಿ, ತರಿ ಎಂಬ ಮಾತುಗಳು ಅವರ ಬಾಯಿಗೆ ಬರುವುದು ಕ್ರಯಪತ್ರ ಬರೆಸುವಾಗ, ಕಂದಾಯ ಕಟ್ಟುವಾಗ, ವ್ಯಾಜ್ಯವಾಡುವಾಗ. ಭತ್ತದ ಗದ್ದೆಗೆ ಅಡಕೆಯ ಸಸಿ ಹಾಕಿದರೆ ರೈತನ ಮಾತಿನಲ್ಲಿ ಅದು ಆಗಲೇ ತೋಟವಾಗುತ್ತದೆ. ಕಾಗದದಲ್ಲಿ ತರಿಯಾಗಿಯೇ ಇರಬಹುದು. ಹೀಗೆ ಪಾರಸಿಯಲ್ಲಿ ತೇವವೆಂಬ ಗುಣವನ್ನು ಹೇಳುತ್ತಿದ್ದ ಶಬ್ದವು ಕನ್ನಡದಲ್ಲಿ ತೆರಿಗೆಯ ವರ್ಗವೊಂದನ್ನು ಹೇಳುವ ಶಬ್ದವಾಯಿತು.

೪

ಇನ್ನು ಹೆಸರಿನ ರೂಪವನ್ನು ಪರೀಕ್ಷಿಸೋಣ. ತರೀಕೆರೆ ಎಂಬಲ್ಲಿ ರೀಕಾರವು ದೀರ್ಘ. ಪಾರಸಿಯ ‘ತರೀ’ ಎಂಬುದೂ ದೀರ್ಘಾಂತ. ಈ ದೀರ್ಘವು ಪಾರಸಿಮೂಲಕ್ಕೆ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಅಲ್ಲ, ಏಕೆಂದರೆ ಪಾರಸಿಯ ಈಕಾರಾಂತಗಳು ಕನ್ನಡಕ್ಕೆ ಬಂದಾಗ ಹ್ರಸ್ವಾಂತಗಳಾಗುವುದು ವಾಡಿಕೆ. ಖುಷ್ಕಿ, ನೌಕರಿ, ಜಮೀನ್ದಾರಿ ಎಂದು ಬರೆಯುವಂತೆಯೇ ತರಿ ಎಂದೂ ಬರೆಯುತ್ತೇವೆ. ದೀರ್ಘಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಆ ಕಾರಣವನ್ನು ನೆರೆಯ ಅರಸೀಕೆರೆಯೇ ತೋರಿಸುತ್ತದೆ. ಅರಸಿ ಎಂಬುದು ಕನ್ನಡದಲ್ಲಿ ಹ್ರಸ್ವಾಂತ. ಆದರೂ ಊರಿನ ಹೆಸರಿನಲ್ಲಿ ಸೀಕಾರವು ದೀರ್ಘ. ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಊರಿನ ಹೆಸರು ‘ಅರಸಿಯಕೆರೆ’ ಎಂದು ಕಾಣುತ್ತದೆ. ಎಂದರೆ ಷಷ್ಠಿಯ ‘ಯ’ ಲೋಪವಾಗಿ ಅದರ ಹಿಂದಿನ ಸ್ವರವು ದೀರ್ಘವಾಯಿತು. ಇದು ಕನ್ನಡದ ಆಡುಮಾತಿಗೆ ಸಹಜವಾದ ಸಂಕೋಚ: ಮನೆಯ ಕೆಲಸವು ‘ಮನೇ ಕೆಲಸ’, ಹಳ್ಳಿಯ ಹುಡುಗನು ‘ಹಳ್ಳೀ ಹುಡುಗ’. ಹಳೆಯ ಬೀಡು ‘ಹಳೇಬೀಡು’ ಆದುದೂ ‘ಯ’ಕಾರದ ಇಂಥ ಲೋಪದಿಂದಲೇ. ನುಗ್ಗೇಹಳ್ಳಿ, ತುರುವೇಕೆರೆ ಎಂಬ ಹೆಸರುಗಳ ದೀರ್ಘವೂ ಇದೇ ಜಾತಿಯದು.

ಇದಕ್ಕೆ ಬೆಂಬಲವಾಗಿ ಇನ್ನೊಂದು ಲಕ್ಷಣವುಂಟು. ಸಮಾಸದಲ್ಲಿ ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗುವುದೆಂದು ವಿದ್ಯಾರ್ಥಿಗಳೂ ಬಲ್ಲರು: ಮಳೆಗಾಲ, ಬೆಟ್ಟದಾವರೆ, ಕಂಬನಿ. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿಯೂ ಕಡೂರು ತಾಲ್ಲೂಕಿನ ಸಿಂಗಟಗೆರೆಯಲ್ಲಿಯೂ ಈ ಆದೇಶವು ನಡೆದಿದೆ. ಅಲ್ಲಿ ಹಿಂದಿನ ಸ್ವರ ಹ್ರಸ್ವ. ಷಷ್ಠಿಯು ಸ್ಪಷ್ಟವಾಗಿ ಉಳಿದಿರುವ ಅಯ್ಯನಕೆರೆ, ಮದಗದಕೆರೆ ಎಂಬಲ್ಲಿ ಆದೇಶವಿಲ್ಲ. ಈ ಎರಡು ಕೆರೆಗಳೂ ಕಡೂರಿನ ಸೀಮೆಯವು. ವೇದಾವತಿಯ ಎರಡು ಕವಲುಗಳಿಗೂ ಇವುಗಳಿಗೂ ಸಂಬಂಧವುಂಟು. ಹಾಗೆಯೇ ದೀರ್ಘವುಳ್ಳ ಅರಸೀಕೆರೆ, ತುರುವೇಕೆರೆ, ತರೀಕೆರೆಗಳಲ್ಲಿಯೂ ಕಕಾರವು ಮಾರ್ಪಡದೆ ನಿಂತಿದೆ. ಇದರಿಂದ ಈ ದೀರ್ಘಗಳು ಷಷ್ಠಿಯ ಸ್ಥಾನದಲ್ಲಿ ನಿಂತಿವೆಯೆಂಬುದು ದೃಢಪಡುತ್ತದೆ. ಚಳ್ಳಕೆರೆಯಂತೆ ಹ್ರಸ್ವವೂ ಕಕಾರವೂ ಒಟ್ಟಿಗಿರುವ ಹೆಸರುಗಳಿರುವುದರಿಂದ ಆದೇಶವನ್ನು ಸ್ಥಳನಾಮಗಳಲ್ಲಿ ಕಟ್ಟುನಿಟ್ಟಾದ ನಿಯಮವೆನ್ನಲಾಗದು; ಆದರೂ ದೀರ್ಘವಿರುವೆಡೆ ಕಾಣುವ ಈ ಏಕರೂಪತೆಯು ಆಕಸ್ಮಿಕವೆಂದು ತೋರುವುದಿಲ್ಲ.

ಆದುದರಿಂದ ತರೀಕೆರೆ ಎಂಬುದನ್ನು ‘ತರಿಯ ಕೆರೆ’ ಎಂದು ಬಿಡಿಸಬೇಕು. ಇದರಿಂದ ಮೂರು ಸಂಗತಿಗಳು ಸಿದ್ಧಿಸುತ್ತವೆ. ಪೂರ್ವಪದವು ಷಷ್ಠಿಯನ್ನು ಹೊಂದಿರುವುದರಿಂದ ಅದು ನಾಮವೇ ಹೊರತು ಕ್ರಿಯಾಧಾತುವಲ್ಲ. ‘ತರಿದ ಕೆರೆ’, ‘ತರಿಯುವ ಕೆರೆ’ ಎಂಬ ವಿವರಣೆಗಳು ನಿಲ್ಲವು. ಅದು ಇಕಾರಾಂತ, ವೃಕ್ಷವಾಚಕವಾದ ‘ತರು’ವನ್ನು ಇಲ್ಲಿಗೆ ತರುವಂತಿಲ್ಲ. ದೀರ್ಘವು ಷಷ್ಠಿಯಿಂದ ಬಂದುದು. ಅದನ್ನು ಪಾರಸಿಯ ಗುರುತೆಂದು ಹಿಡಿಯುವಂತಿಲ್ಲ.

೫

ಹೀಗೆ ವ್ಯಾಕರಣವು ಕೆಲವನ್ನು ತಳ್ಳಿಹಾಕಿದ ಮೇಲೆ ಉಳಿಯುವುವು ಇಕಾರಾಂತವಾದ ನಾಮಗಳು: ಸಂಸ್ಕೃತದ ದೋಣಿವಾಚಕ, ಪಾರಸಿಯ ಭೂಮಿವಾಚಕ, ದೇಶ್ಯದ ‘ತಱಿ’ಯಿಂದಾದ ನಾಮ. ಇವುಗಳ ಬಲಾಬಲವನ್ನು ಪ್ರಯೋಗದಿಂದ ತೂಗಬೇಕು.

ದೋಣಿಯ ‘ತರಿ’ ಕೋಶಗಳಲ್ಲಿಯೂ ಕಾವ್ಯಗಳಲ್ಲಿಯೂ ಬರುವ ಶಬ್ದ. ಕೆರೆಗೆ ಹೆಸರಿಟ್ಟವರ ಬಾಯಲ್ಲಿ ಅದಿತ್ತೆನ್ನುವುದು ಕಷ್ಟ.

ಪಾರಸಿಯ ‘ತರಿ’ಗೆ ವಿರೋಧವಾಗಿ ಎರಡು ಆಕ್ಷೇಪಗಳಿವೆ. ಮೊದಲನೆಯದು, ಹೆಸರಿಡುವುದರ ಉದ್ದೇಶ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು. ಅಯ್ಯನ ಕೆರೆ ಇನ್ನೊಬ್ಬರದಲ್ಲ. ಅರಸಿಯ ಕೆರೆ ಅರಸನದಲ್ಲ. ಗದ್ದೆಗೆ ನೀರುಣಿಸುವುದಾದರೋ ಎಲ್ಲ ಕೆರೆಗಳ ಸಾಮಾನ್ಯಧರ್ಮ. ನೂರಾರು ಕೆರೆಗಳ ಸೀಮೆಯಲ್ಲಿ ‘ನೀರಾವರಿ ಭೂಮಿಯ ಕೆರೆ’ ಎಂಬುದು ಯಾವ ಕೆರೆಯನ್ನೂ ಗುರುತಿಸದು. ಎರಡನೆಯದು, ಹೆಸರಿಟ್ಟವರ ಭಾಷೆ. ಕೆರೆಯ ಹೆಸರು ನೀರು ಹಾಯಿಸುವವರ ಬಾಯಲ್ಲಿ ಹುಟ್ಟುತ್ತದೆ, ಕಡತದಲ್ಲಿ ಹುಟ್ಟುವುದು ವಿರಳ. ತರಿಯ ಜೊತೆಗಾರನಾದ ಖುಷ್ಕಿಯು ಕಡೂರು, ಬೀರೂರು, ಯಗಟಿ, ಸಖರಾಯಪಟ್ಟಣ, ಪಂಚನಹಳ್ಳಿ, ಲಕ್ಕವಳ್ಳಿ, ಲಿಂಗದಹಳ್ಳಿ, ಶಿವನಿ ಮೊದಲಾದ ಈ ಸೀಮೆಯ ಪ್ರಸಿದ್ಧ ಹೆಸರುಗಳೊಂದರಲ್ಲಿಯೂ ಸೇರಿಲ್ಲ. ಬಾಗಾಯ್ತೂ ಸೇರಿಲ್ಲ. ಮೂವರು ಒಟ್ಟಿಗೆ ಬಂದವರಲ್ಲಿ ಒಬ್ಬನು ಮಾತ್ರ ಊರಿಗೆ ಹೆಸರು ಕೊಟ್ಟನೆನ್ನುವುದಕ್ಕೆ ವಿಶೇಷವಾದ ಪ್ರಮಾಣವು ಬೇಕು.

ಹಾಗಾದರೆ ಈ ಸೀಮೆಯಲ್ಲಿ ಅರಬ್ಬೀ ಪಾರಸೀ ಅಂಶವುಳ್ಳ ಹೆಸರುಗಳೇ ಇಲ್ಲವೇ? ಉಂಟು; ಅವುಗಳ ಹುಟ್ಟು ನಮ್ಮ ವಾದಕ್ಕೆ ಪೋಷಕವೇ ಆಗಿದೆ. ಅಜ್ಜಂಪುರದ ತಳಿಸಂವರ್ಧನ ಕೇಂದ್ರದಿಂದ ಪ್ರಸಿದ್ಧವಾದ ಅಮೃತಮಹಲ್ ದನಗಳನ್ನು ನೋಡಿರಿ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದಲ್ಲಿ ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿದ್ದಿತು. ಟಿಪ್ಪುವಿನ ಕಾಲದಲ್ಲಿ ಅದು ‘ಅಮೃತಮಹಲ್’ ಆಯಿತು. ಇಲ್ಲಿ ಹೆಸರನ್ನು ಬದಲಿಸಿದುದು ದೊರೆತನ, ಹೆಸರು ಹೊಂದಿದುದು ಸರಕಾರದ ಇಲಾಖೆ. ಆ ದನಗಳು ಮೇಯುವ ನೆಲಕ್ಕಾದರೋ ‘ಕಾವಲು’ ಎಂಬ ಕನ್ನಡದ ಹೆಸರೇ ಉಳಿಯಿತು. ಬಾಬಾಬುಡನ್ ಗಿರಿಯ ಹೆಸರು ಸಂತನೊಬ್ಬನ ಹೆಸರಿನಿಂದ ಬಂದುದು. ಅಧಿಕಾರದಿಂದಲೋ ಭಕ್ತಿಯಿಂದಲೋ ಪರಭಾಷೆಯ ಹೆಸರು ನಿಲ್ಲುತ್ತದೆ. ತೆರಿಗೆಯ ವರ್ಗವೊಂದರಿಂದ ನಿಲ್ಲುವುದು ಅಪೂರ್ವ.

ಉಳಿಯುವುದು ದೇಶ್ಯದ ನಾಮ. ಕಡಿದದ್ದು, ಕಡಿದು ತೆರವು ಮಾಡಿದ ಎಡೆ ಎಂಬ ಅರ್ಥವನ್ನು ಇದರಿಂದ ಪಡೆಯಬಹುದು. ಕಾಡಿನ ಅಂಚಿನ ಊರಿಗೆ ಇದು ಒಪ್ಪಲೂ ಒಪ್ಪುತ್ತದೆ. ಆದರೆ ಒಪ್ಪುತ್ತದೆಂಬುದು ಪ್ರಮಾಣವಲ್ಲ. ಒದ್ದೆನೆಲದ ಅರ್ಥವೂ ಒಪ್ಪಿಯೇ ಇತ್ತು. ಈ ಪಕ್ಷವು ಬಲವತ್ತರವಾಗುವುದು ಸನ್ನಿವೇಶದ ಚೆಲುವಿನಿಂದಲ್ಲ. ಷಷ್ಠಿಯ ರೂಪವು ಇದಕ್ಕೆ ಹೊಂದುತ್ತದೆ, ಶಬ್ದವು ಹೆಸರಿಟ್ಟವರ ನುಡಿಯಲ್ಲಿದ್ದಿತು, ಕಾಲದ ವಿರೋಧವಿಲ್ಲ ಎಂಬ ಮೂರು ಕಾರಣಗಳಿಂದ. ಇದಕ್ಕೆ ಮೀರಿದ ನಿಶ್ಚಯವನ್ನು ಲಿಖಿತ ಪ್ರಯೋಗವೇ ಕೊಡಬೇಕು. ಹದಿನೇಳನೆಯ ಶತಮಾನಕ್ಕೆ ಹಿಂದಿನ ಬರಹದಲ್ಲಿ ‘ತರಿಯಕೆರೆ’ ಎಂದು ಕಂಡರೆ ಪಾರಸಿಯ ವಾದವು ಮುಗಿಯುತ್ತದೆ. ‘ತಱಿಯಕೆರೆ’ ಎಂದು ಶಕಟರೇಫದಿಂದ ಕಂಡರೆ ದೇಶ್ಯದ ವಾದವು ಸಿದ್ಧವಾಗುತ್ತದೆ. ನಡುಗನ್ನಡದಲ್ಲಿ ಱಕಾರವು ರಕಾರದಲ್ಲಿ ಸೇರಿಹೋದ ಮೇಲೆ ಲಿಪಿಕಾರರು ಒಂದರ ಬದಲು ಇನ್ನೊಂದನ್ನು ಬರೆಯುತ್ತಿದ್ದುದರಿಂದ, ಈಚಿನ ಬರಹದ ಶಕಟರೇಫಕ್ಕೆ ಅಷ್ಟು ಬೆಲೆಯಿಲ್ಲ.

೬

ಒಂದು ಊರಿನ ಹೆಸರಿಗಾಗಿ ಇಷ್ಟು ವಿಚಾರವೇಕೆಂದು ಕೇಳಬಹುದು. ಇಲ್ಲಿ ಊರಿನ ಹೆಸರಿಗಿಂತ ದೊಡ್ಡದಾದ ವಿಷಯವೊಂದು ಸೇರಿದೆ. ಹಳಗನ್ನಡದ ಗ್ರಂಥಗಳನ್ನು ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು ಅಚ್ಚುಮಾಡುವಾಗ ಱಕಾರವನ್ನು ರಕಾರವಾಗಿಯೂ ೞಕಾರವನ್ನು ಳಕಾರವಾಗಿಯೂ ಬದಲಾಯಿಸುವ ರೂಢಿಯು ಹರಡಿದೆ. ಓದುವವನಿಗೆ ಇದರಿಂದ ಆಗುವ ಸೌಕರ್ಯವು ಅಲ್ಪ, ನಷ್ಟವಾದರೋ ತುಂಬಲಾರದ್ದು. ‘ತಱಿ’ ಎಂದು ಕಂಡವನಿಗೆ ಅದು ತರುವುದಲ್ಲ, ತೇವವಲ್ಲ, ದೋಣಿಯಲ್ಲ ಎಂಬುದು ಅಕ್ಷರದಿಂದಲೇ ತಿಳಿಯುತ್ತಿತ್ತು. ‘ತರಿ’ ಎಂದು ಅಚ್ಚಾದ ಮೇಲೆ ಅರ್ಥವನ್ನು ಸಂದರ್ಭದಿಂದ ಊಹಿಸಬೇಕು. ಸಂದರ್ಭವಿಲ್ಲದ ಸ್ಥಳನಾಮಗಳಲ್ಲಿ ಊಹೆಗೆ ಲಂಗುಲಗಾಮಿಲ್ಲ. ಬಾಲಬೋಧಕ್ಕಾಗಿ ಮಾಡಿದ ಪಾಠಗಳಲ್ಲಿಯೂ ಮೂಲಾಕ್ಷರವನ್ನು ಉಳಿಸಿ ಅಡಿಯಲ್ಲಿ ಉಚ್ಚಾರವನ್ನು ಸೂಚಿಸುವುದು ಸಾಧ್ಯವಿರುವಾಗ ಅಕ್ಷರವನ್ನೇ ಅಳಿಸುವುದು ಸಾಧುವಲ್ಲ.

ಅಧ್ಯಾಪಕರು ಈ ಒಂದು ಹೆಸರನ್ನು ಒಂದು ದಿನದ ಪಾಠವನ್ನಾಗಿ ಮಾಡಬಹುದು. ಷಷ್ಠೀವಿಭಕ್ತಿ, ಆದೇಶಸಂಧಿ, ಶಕಟರೇಫ, ದೇಶ್ಯ ಮತ್ತು ಅನ್ಯದೇಶ್ಯಗಳ ಭೇದ ಎಂಬ ನಾಲ್ಕು ವಿಷಯಗಳೂ ಅದರಲ್ಲಿ ಅಡಗಿವೆ. ಪಹಣಿಯ ತರಿ, ಅಡಿಗೆಯ ತರಿ, ಕಾವ್ಯದ ತಱಿ ಮೂರೂ ವಿದ್ಯಾರ್ಥಿಯ ಮನೆಯಲ್ಲಿಯೇ ದೊರೆಯುತ್ತವೆ. ಹೆಸರಿಗೆ ಒಂದು ಅರ್ಥವನ್ನು ಬರೆಯಿಸಿ ಕಂಠಪಾಠ ಮಾಡಿಸುವುದಕ್ಕಿಂತ, ಯಾವ ಅರ್ಥವು ಏಕೆ ನಿಲ್ಲುವುದಿಲ್ಲವೆಂಬುದನ್ನು ತೋರಿಸಿಕೊಡುವುದು ಭಾಷಾಜ್ಞಾನಕ್ಕೆ ಹೆಚ್ಚು ಸಾಧಕ. ಸ್ಥಳನಾಮಗಳನ್ನು ಸಂಗ್ರಹಿಸುವವರೂ ಪ್ರತಿಯೊಂದು ಹೆಸರಿನ ಎದುರಿಗೆ ಅರ್ಥಕ್ಕೆ ಮೊದಲು ಅದರ ಅತ್ಯಂತ ಪ್ರಾಚೀನ ಲಿಖಿತರೂಪವನ್ನೂ, ಸ್ಥಳೀಯರು ಉಚ್ಚರಿಸುವ ಹ್ರಸ್ವದೀರ್ಘಗಳನ್ನೂ ಬರೆದುಕೊಳ್ಳಬೇಕು. ಈ ಎರಡು ದಾಖಲೆಗಳಿದ್ದರೆ ಅರ್ಥವನ್ನು ಮುಂದಿನವರಾದರೂ ನಿಶ್ಚಯಿಸಬಲ್ಲರು.